ಒಂದು ಪ್ರೋಗ್ರಾಂ ಕಾಣದಿದ್ರೆ ಇಡೀ ಕಂಪ್ಯೂಟರ್ ಒರೆಸಬೇಕಾ?



ನಮ್ಮ ಮನೆಯ ಕಂಪ್ಯೂಟರಿನಲ್ಲಿ ಫೋಟೋ ತೆರೆಯುವ ಪ್ರೋಗ್ರಾಂ ಒಂದು ದಿನ ಮಾಯವಾಯಿತು. ವಿಂಡೋಸ್ ಜೊತೆಗೇ ಬರುವ 'ಫೋಟೋಸ್', ಅಷ್ಟೇ. ಯಾರೋ ಏನೋ ಒತ್ತಿರಬೇಕು. ಅಪ್ಪ ಡಬ್ಬವನ್ನು ಬೈಕಿನ ಹಿಂದೆ ಕಟ್ಟಿಕೊಂಡು ಪೇಟೆಯ ಅಂಗಡಿಗೆ ಹೋದರು. "ವಿಂಡೋಸ್ ಹಾಳಾಗಿದೆ, ಫಾರ್ಮ್ಯಾಟ್ ಹೊಡೀಬೇಕು, 500 ರೂಪಾಯಿ" ಅಂದರು. ಅಪ್ಪ ತಲೆಯಾಡಿಸಿದರು.

ಸಂಜೆ ಕಂಪ್ಯೂಟರ್ ಮನೆಗೆ ಬಂತು. 'ಫೋಟೋಸ್' ಇತ್ತು. ಫೋಟೋಗಳು ಇರಲಿಲ್ಲ!

ಅಕ್ಕನ ಮದುವೆ, ಅಜ್ಜಿಯ ಕೊನೆಯ ದೀಪಾವಳಿ, ಎಲ್ಲವೂ ಡೆಸ್ಕ್‌ಟಾಪ್ ಮೇಲಿನ ಒಂದು ಫೋಲ್ಡರಿನಲ್ಲಿದ್ದವು. ಡೆಸ್ಕ್‌ಟಾಪ್ ಇರೋದು ಸಿ ಡ್ರೈವಿನಲ್ಲಿ. ಸಿ ಡ್ರೈವ್ ಒರೆಸಿದರೆ ಅದೂ ಹೋಯಿತು. ಬೇರೆ ಪ್ರತಿ ಇಟ್ಟಿರಲಿಲ್ಲ, ಅದು ನಮ್ಮ ತಪ್ಪು. ಆದರೆ ಒಂದು ಮಾತು ಕೇಳದೆ ಒರೆಸಿದ್ದು ಯಾರ ತಪ್ಪು?

ಅದಕ್ಕೇ ನೇರವಾಗಿ ಹೇಳ್ತೀನಿ: ವಿಂಡೋಸ್ ಜೊತೆ ಬಂದ ಪ್ರೋಗ್ರಾಂ ಒಂದು ಕಾಣೆಯಾದರೆ ಫಾರ್ಮ್ಯಾಟ್ ಮಾಡಿಸೋದು ದುರಸ್ತಿ ಅಲ್ಲ. ಚಿಲಕ ಸಡಿಲವಾಯಿತು ಅಂತ ಮನೆ ಕೆಡವಿಸಿದ ಹಾಗೆ. ಈ ಕೆಲಸ ನಿಮ್ಮ ಕೈಯಲ್ಲೇ ಆಗುತ್ತದೆ, ಪುಕ್ಕಟೆಯಾಗಿ.

ಮೊದಲು, ಅದು ನಿಜವಾಗಿ ಹೋಗಿದೆಯಾ ನೋಡಿ. ಎಷ್ಟೋ ಸಲ ಹೋಗಿರೋದು ಐಕಾನ್ ಮಾತ್ರ. ಸ್ಟಾರ್ಟ್ ಒತ್ತಿ ಪ್ರೋಗ್ರಾಮಿನ ಹೆಸರು ಟೈಪ್ ಮಾಡಿ. ಬಂದರೆ ಅದರ ಮೇಲೆ ಬಲಗಡೆಯ ಗುಂಡಿ ಒತ್ತಿ 'ಪಿನ್' ಮಾಡಿ. ಕೆಲಸ ಮುಗೀತು.

ಇದೆ ಆದರೆ ತೆರೆಯುತ್ತಿಲ್ಲವೇ? ಸೆಟ್ಟಿಂಗ್ಸ್, ಆಪ್ಸ್, ಅಲ್ಲಿ ಅದರ ಹೆಸರು, ಅದರೊಳಗೆ 'ಅಡ್ವಾನ್ಸ್ಡ್ ಆಪ್ಷನ್ಸ್'. ಅಲ್ಲಿ 'ರಿಪೇರ್' ಇರುತ್ತದೆ. ಅದು ಆಪ್‌ನ ಡೇಟಾ ಮುಟ್ಟುವುದಿಲ್ಲ. ಅದರಿಂದಲೂ ಆಗದಿದ್ದರೆ ಮಾತ್ರ 'ರಿಸೆಟ್'. ಅದು ಆ ಆಪ್ ಒಳಗೆ ಉಳಿಸಿಕೊಂಡದ್ದನ್ನು ಅಳಿಸುತ್ತದೆ.

ಪೂರ್ತಿ ಇಲ್ಲವೇ? ಫೋಟೋಸ್, ಕ್ಯಾಲ್ಕುಲೇಟರ್, ಸ್ನಿಪ್ಪಿಂಗ್ ಟೂಲ್, ವಿಂಡೋಸ್ 11ರ ಪೇಂಟ್ ಮತ್ತು ನೋಟ್‌ಪ್ಯಾಡ್, ಇವೆಲ್ಲ ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ಉಚಿತ. ಪ್ರಕಾಶಕರ ಜಾಗದಲ್ಲಿ 'ಮೈಕ್ರೋಸಾಫ್ಟ್ ಕಾರ್ಪೊರೇಷನ್' ಅಂತಲೇ ಇದೆಯಾ ನೋಡಿಕೊಳ್ಳಿ. ಇನ್ನು ಕೆಲವು ಸೌಲಭ್ಯಗಳು 'ಆಪ್ಷನಲ್ ಫೀಚರ್ಸ್' ಪಟ್ಟಿಯಲ್ಲಿರುತ್ತವೆ. ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ಆ ಎರಡು ಪದ ಹೊಡೆದರೆ ಸಾಕು, ಪಟ್ಟಿ ಬರುತ್ತದೆ.

ಗೂಗಲ್‌ನಲ್ಲಿ 'ಫ್ರೀ ಡೌನ್‌ಲೋಡ್' ಅಂತ ಹುಡುಕಿ ಸಿಕ್ಕಿದ್ದನ್ನು ಇಳಿಸಬೇಡಿ! ಒಂದು ಕ್ಯಾಲ್ಕುಲೇಟರ್‌ಗೋಸ್ಕರ ಬ್ಯಾಂಕಿನ ಪಾಸ್‌ವರ್ಡ್ ಕಳೆದುಕೊಳ್ಳೋ ದಾರಿ ಅದು. ವರ್ಡ್‌ಪ್ಯಾಡ್ ವಿಷಯ ಬೇರೆ. 1995ರಿಂದ ವಿಂಡೋಸ್ ಜೊತೆಗಿದ್ದ ಅದನ್ನು 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಕಂಪನಿಯೇ ತೆಗೆದುಹಾಕಿತು. ಅದನ್ನು ತರಿಸಿಕೊಡ್ತೀನಿ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ನಿಮ್ಮ ಹಳೆಯ ಫೈಲುಗಳು ಎಲ್ಲೂ ಹೋಗಿಲ್ಲ, ಉಚಿತವಾಗಿ ಸಿಗುವ ಲಿಬ್ರೆಆಫೀಸ್‌ನಲ್ಲಿ ತೆರೆಯುತ್ತವೆ.

"ನಮಗೆ ಇದೆಲ್ಲ ಗೊತ್ತಾಗಲ್ಲ" ಅನ್ನಬೇಡಿ. ಫೋನಿನಲ್ಲಿ ಹತ್ತು ಆಪ್ ಹಾಕಿ ತೆಗೆಯೋ ಕೈಗೆ ಕಂಪ್ಯೂಟರಿನ ಸೆಟ್ಟಿಂಗ್ಸ್ ತೆರೆಯೋಕೆ ಯಾಕೆ ನಡುಕ? 2017ರ ಜುಲೈನಲ್ಲಿ ಪೇಂಟ್ ಅನ್ನು ಕೈಬಿಡಲಿರುವವುಗಳ ಪಟ್ಟಿಗೆ ಸೇರಿಸಿದಾಗ ಜಗತ್ತಿನಾದ್ಯಂತ ಸಾಮಾನ್ಯ ಬಳಕೆದಾರರು ಕೂಗೆಬ್ಬಿಸಿದರು. ಕಂಪನಿ ಹಿಂದೆ ಸರಿಯಿತು, ಪೇಂಟ್ ಇವತ್ತಿಗೂ ಇದೆ. ಅವರೇನು ಇಂಜಿನಿಯರುಗಳಾ? ಇದು ನಮ್ಮದು ಅಂದುಕೊಂಡವರು, ಅಷ್ಟೇ.

ಅಂಗಡಿಯವರ ಕಷ್ಟವೂ ಗೊತ್ತು. ದಿನಕ್ಕೆ ಹತ್ತು ಕಂಪ್ಯೂಟರ್ ಬರುತ್ತವೆ, ಒಂದೊಂದರ ರೋಗ ಹುಡುಕೋಕೆ ಹೊತ್ತಿಲ್ಲ, ಫಾರ್ಮ್ಯಾಟ್ ಹೊಡೆದರೆ ಎಲ್ಲಾ ಒಂದೇ ಸಲ ಸರಿ. ಆದರೆ ಅವರ ಹೊತ್ತು ಉಳಿಸೋಕೆ ನಮ್ಮ ಅಜ್ಜಿಯ ಮುಖ ಯಾಕೆ ಅಳಿಸಬೇಕು? ಮತ್ತೆ ವಿಂಡೋಸ್ ಹಾಕಲೇಬೇಕು ಅನ್ನೋ ಸ್ಥಿತಿ ಬಂದರೂ 'ರಿಸೆಟ್ ದಿಸ್ ಪಿಸಿ'ಯಲ್ಲಿ 'ಕೀಪ್ ಮೈ ಫೈಲ್ಸ್' ಅಂತ ಒಂದು ಆಯ್ಕೆ ಇದೆ. ನಾವು ಹಾಕಿಕೊಂಡ ಪ್ರೋಗ್ರಾಮುಗಳು ಹೋಗುತ್ತವೆ, ಸ್ವಂತ ಫೈಲುಗಳು ಉಳಿಯುತ್ತವೆ. ಈ ಆಯ್ಕೆ ಇರುವಾಗ ಕೇಳದೆ ಒರೆಸೋದನ್ನು ಸೋಮಾರಿತನ ಅನ್ನದೆ ಏನನ್ನೋದು?

ನಮ್ಮಂಥವರಿಗೆ ಇದರಲ್ಲಿ ಇನ್ನೊಂದು ಪೆಟ್ಟಿದೆ. ಫಾರ್ಮ್ಯಾಟ್ ಆದ ಕಂಪ್ಯೂಟರಿನಲ್ಲಿ ನಾವು ಸೇರಿಸಿಕೊಂಡಿದ್ದ ಕನ್ನಡ ಕೀಲಿಮಣೆಯೂ ಹೋಗಿರುತ್ತದೆ. ಹೊಸೂರಾಗಲಿ, ಕಾಸರಗೋಡಾಗಲಿ, ಜತ್ತ ಆಗಲಿ, ಅಂಗಡಿಯವರು ಅದನ್ನು ತಾವಾಗಿ ಮತ್ತೆ ಹಾಕಿಕೊಡ್ತಾರೆ ಅಂತ ಕಾಯಬೇಡಿ. ಕನ್ನಡ ವಿಂಡೋಸ್ ಒಳಗೇ ಇದೆ! ಸೆಟ್ಟಿಂಗ್ಸ್‌ನಲ್ಲಿ 'ಟೈಮ್ ಅಂಡ್ ಲ್ಯಾಂಗ್ವೇಜ್', ಅಲ್ಲಿ ಭಾಷೆ ಸೇರಿಸುವ ಕಡೆ ಕನ್ನಡ ಆರಿಸಿ. ಇನ್‌ಸ್ಕ್ರಿಪ್ಟ್ ಕೀಲಿಮಣೆ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಕನ್ನಡ ಮೂಡುವ ಫೊನೆಟಿಕ್ ಕೀಲಿಮಣೆ 2019ರಿಂದ ಇದೆ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಹಳೆಯ ಕಡತಗಳಲ್ಲಿ ಬಳಸಿದ್ದ ತುಂಗಾ ಅಕ್ಷರ ಕಾಣದಿದ್ದರೆ ಅದೂ 'ಆಪ್ಷನಲ್ ಫೀಚರ್ಸ್' ಪಟ್ಟಿಯಲ್ಲೇ, ಕನ್ನಡದ ಹೆಚ್ಚುವರಿ ಫಾಂಟುಗಳ ಹೆಸರಿನಲ್ಲಿದೆ. ಇದಕ್ಕೆ ಯಾರಿಗೂ ಒಂದು ಪೈಸೆ ಕೊಡಬೇಕಾಗಿಲ್ಲ.

ಕಂಪ್ಯೂಟರ್ ಶುರುವೇ ಆಗದಿದ್ದರೆ, ಡಿಸ್ಕ್ ಕಟಕಟ ಸದ್ದು ಮಾಡಿದರೆ ಅಂಗಡಿಗೆ ಹೋಗಿ, ತಪ್ಪಿಲ್ಲ. ಆದರೆ ಮೊದಲ ಮಾತು ಇದಾಗಿರಲಿ: "ಫೈಲುಗಳ ಪ್ರತಿ ತೆಗೆದು ನನಗೆ ತೋರಿಸಿ, ಆಮೇಲೆ ಮುಟ್ಟಿ." ಒಪ್ಪದಿದ್ದರೆ ಎತ್ತಿಕೊಂಡು ಬನ್ನಿ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಮನೆಯ ಫೋಟೋಗಳನ್ನು ಒಂದು ಪೆನ್‌ಡ್ರೈವಿಗೆ ಹಾಕಿ ಬೀರುವಿನಲ್ಲಿಡಿ. ಪಕ್ಕದ ಮನೆಯವರು ಕಂಪ್ಯೂಟರ್ ಹೊತ್ತುಕೊಂಡು ಪೇಟೆಗೆ ಹೊರಟಿದ್ದರೆ ನಿಲ್ಲಿಸಿ, ನೀವೇ ಕೂತು ಸರಿಮಾಡಿಕೊಡಿ. ನಮ್ಮ ಅಜ್ಜಿಯ ದೀಪಾವಳಿ ವಾಪಸ್ ಬರಲ್ಲ. ನಿಮ್ಮದು ಉಳಿಯಲಿ.