ಗೆಲುವಿನ ಆಚೆಗೂ ನೋಡಿದ ಚಿತ್ರಗಳು

ಹಿಂದಿನ ಕಾಲದ ಆಟಗಾರರು, ತಂಡಗಳನ್ನು ಕುರಿತ ಸಾಕ್ಷ್ಯಚಿತ್ರಗಳಿಗೆ ಈಗ ಸುಗ್ಗಿ. ಆದರೆ ಕಳೆದ ಮೂರು ದಶಕಗಳ ರಾಶಿಯನ್ನು ತೂರಿ ನೋಡಿದರೆ ಗಟ್ಟಿ ಕಾಳಾಗಿ ಉಳಿಯುವುದು ಕೆಲವೇ. ಯಾರು ಗೆದ್ದರು ಎಂಬುದು ದಾಖಲೆ ಪುಸ್ತಕದಲ್ಲೇ ಇದೆ. ಆ ಗೆಲುವು ಯಾರಿಗೆ, ಯಾಕೆ ಬೇಕಿತ್ತು ಎಂದು ಹೇಳಿದ ಚಿತ್ರಗಳಷ್ಟೇ ಉಳಿದಿವೆ.

ಮೊದಲು ನೋಡಬೇಕಾದದ್ದು 1996ರ ‘ವೆನ್ ವಿ ವರ್ ಕಿಂಗ್ಸ್’. 1974ರಲ್ಲಿ ನಿರ್ದೇಶಕ ಲಿಯಾನ್ ಗ್ಯಾಸ್ಟ್ ಜೈರೆಯ ಕಿನ್ಶಾಸಾಕ್ಕೆ ಹೋದದ್ದು ಅಲ್ಲಿನ ಸಂಗೀತೋತ್ಸವವನ್ನು ಚಿತ್ರೀಕರಿಸಲು. ಅಭ್ಯಾಸದ ವೇಳೆ ಜಾರ್ಜ್ ಫೋರ್‌ಮನ್‌ಗೆ ಕಣ್ಣಿನ ಬಳಿ ಗಾಯವಾಗಿ, ಮಹಮ್ಮದ್ ಅಲಿ ಜೊತೆಗಿನ ಬಾಕ್ಸಿಂಗ್ ಕಾದಾಟ ಸುಮಾರು ಐದು ವಾರ ಮುಂದಕ್ಕೆ ಹೋಯಿತು. ಆ ಬಿಡುವೇ ಚಿತ್ರದ ಭಾಗ್ಯ. ಕ್ಯಾಮೆರಾ ಅಲಿಯ ಬೆನ್ನು ಹತ್ತಿತು. ಬೀದಿಯ ಜನರೊಡನೆ ಅವರು ಬೆರೆಯುವುದು, ಮಕ್ಕಳು ಹಿಂದೆ ಓಡುವುದು, ಇಡೀ ಊರು ಅವರನ್ನು ತನ್ನವರನ್ನಾಗಿ ಮಾಡಿಕೊಳ್ಳುವುದು ಎಲ್ಲವೂ ರೀಲಿಗೆ ಸೇರಿದವು. ಹಾಗಾಗಿಯೇ ಎಂಟನೇ ಸುತ್ತಿನಲ್ಲಿ ಫೋರ್‌ಮನ್ ಉರುಳಿದಾಗ ನಮ್ಮ ಗಂಟಲೂ ಕಟ್ಟುತ್ತದೆ. ಚಿತ್ರ ತೆರೆ ಕಾಣಲು 22 ವರ್ಷ ಹಿಡಿಯಿತು. ಆಸ್ಕರ್ ಕೂಡ ಬಂತು.

ಕ್ರಿಕೆಟ್ ಪ್ರಿಯರಿಗೆ 2010ರ ‘ಫೈರ್ ಇನ್ ಬ್ಯಾಬಿಲಾನ್’. 1976ರಲ್ಲಿ ವೆಸ್ಟ್ ಇಂಡೀಸರನ್ನು ಮಂಡಿಯೂರಿಸುತ್ತೇವೆ ಎಂದಿದ್ದರು ಇಂಗ್ಲೆಂಡ್ ನಾಯಕ ಟೋನಿ ಗ್ರೇಗ್. ಅವರು ಹುಟ್ಟಿದ್ದು ವರ್ಣಭೇದದ ದಕ್ಷಿಣ ಆಫ್ರಿಕಾದಲ್ಲಿ, ಹಾಗಾಗಿ ಮಾತು ಇನ್ನಷ್ಟು ಚುಚ್ಚಿತು. ಬೌಲರುಗಳಿಗೆ ಏನೂ ಕೊಡದ ಓವಲ್ ಪಿಚ್‌ನಲ್ಲಿ ವೆಸ್ಟ್ ಇಂಡೀಸ್‌ನ ವೇಗಿ ಮೈಕಲ್ ಹೋಲ್ಡಿಂಗ್ 14 ವಿಕೆಟ್ ಕಿತ್ತರು. ಎದುರಾಳಿಗಳಿಗೆ ಈ ಚಿತ್ರ ಹೆಚ್ಚು ಮಾತಾಡಲು ಬಿಡುವುದಿಲ್ಲ, ಅದು ಕೊರತೆಯೇ. ಆದರೂ ಆ ವೇಗದ ಹಿಂದಿದ್ದ ಸ್ವಾಭಿಮಾನವನ್ನು ಇಷ್ಟು ಚೆನ್ನಾಗಿ ತೋರಿಸಿದ ಬೇರೊಂದು ಚಿತ್ರ ನಾವು ಕಂಡಿಲ್ಲ.

ಅದೇ ವರ್ಷದ, ಕಾರ್ ರೇಸ್ ಚಾಲಕನೊಬ್ಬನ ಕುರಿತ ‘ಸೆನ್ನಾ’ ಹಳೆಯ ದೃಶ್ಯಗಳಲ್ಲೇ ಕತೆ ಕಟ್ಟುವ ದಾರಿ ತೋರಿಸಿತು. 2020ರ ‘ದಿ ಲಾಸ್ಟ್ ಡಾನ್ಸ್’ ಹತ್ತು ಕಂತುಗಳನ್ನೂ ಬಿಡದೆ ನೋಡಿಸಿಕೊಳ್ಳುತ್ತದೆ. ಆದರೆ ಅದರ ನಿರ್ಮಾಣದಲ್ಲಿ ಕಥಾನಾಯಕ, ಬ್ಯಾಸ್ಕೆಟ್‌ಬಾಲ್ ತಾರೆ ಮೈಕಲ್ ಜೋರ್ಡನ್ನರ ಸಂಸ್ಥೆಗೂ ಪಾಲಿತ್ತು. ನಾಯಕನ ಕೈಗೇ ಕತ್ತರಿ ಕೊಟ್ಟರೆ ಇತಿಹಾಸ ಆತ್ಮಕಥೆಯಾಗುತ್ತದೆ. ಈಚಿನ ಬಹುಪಾಲು ಚಿತ್ರಗಳ ರೋಗವೂ ಇದೇ.

ನಮ್ಮ ದೇಶದ ಮಟ್ಟಿಗೆ ಬಾನಿ ಸಿಂಗ್ ಅವರ ‘ತಾಂಘ್’ ಅನ್ನು ತಪ್ಪಿಸಿಕೊಳ್ಳಬೇಡಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನನ್ನು 4-0ಯಿಂದ ಮಣಿಸಿದ ಹಾಕಿ ತಂಡದಲ್ಲಿ ಅವರ ತಂದೆ ನಂದಿ ಸಿಂಗ್ ಇದ್ದರು. ಆ ಚಿನ್ನದ ಪದಕದ ಕತೆಯನ್ನು ಹಿಡಿದು ಮಗಳು ಲಾಹೋರಿಗೆ ಹೋಗಿ, ವಿಭಜನೆಯಲ್ಲಿ ಅಗಲಿದ ತಂದೆಯ ಗೆಳೆಯನನ್ನು ಕಾಣುತ್ತಾರೆ.

ಕರ್ನಾಟಕಕ್ಕೂ ಇಂಥ ಕತೆಗಳಿವೆ. ರಾಜ್ಯಕ್ಕೆ ಹೊಸ ಹೆಸರು ಬಂದ ಮೊದಲ ಋತುವಿನಲ್ಲೇ, 1974ರಲ್ಲಿ, ಪ್ರಸನ್ನ ನಾಯಕತ್ವದ ತಂಡ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಬಾಂಬೆಯ ಸತತ 15 ರಣಜಿ ಪ್ರಶಸ್ತಿಗಳ ಸರಪಳಿ ಕಡಿಯಿತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಬೆಂಗಳೂರಿಗೆ ಆಗ ಟಿ.ವಿ. ಬಂದಿರಲಿಲ್ಲ. ಆ ಆಟವನ್ನು ಆಡಿದವರೂ ಗ್ಯಾಲರಿಯಲ್ಲಿ ಕೂತು ಕಂಡವರೂ ಈಗ ಇಳಿವಯಸ್ಸಿನಲ್ಲಿದ್ದಾರೆ. ಕ್ಯಾಮೆರಾ ಹಿಡಿಯಬಲ್ಲ ಕನ್ನಡದ ತರುಣರು ಅವರ ಮನೆ ಬಾಗಿಲು ತಟ್ಟಲಿ, ಈ ವರ್ಷವೇ.