ಹಾಸಿಗೆಯ ಬಳಿಗೆ ಬಂದ ಸ್ಕ್ಯಾನಿಂಗ್



ಶಬ್ದದ ಪ್ರತಿಫಲನವನ್ನು ಬೋಧಿಸುವಾಗ ಬಾವಲಿಯ ಉದಾಹರಣೆ ಕೊಡದ ಮಾಸ್ತರರು ವಿರಳ. ನಮ್ಮ ಕಿವಿಗೆ ಕೇಳಿಸದ ಧ್ವನಿಯನ್ನು ಹೊರಡಿಸಿ, ಅದರ ಮಾರ್ದನಿಯಿಂದ ಆ ಜೀವಿ ದಾರಿ ಕಂಡುಕೊಳ್ಳುತ್ತದೆ. ಇದೇ ತತ್ತ್ವದ ಅಲ್ಟ್ರಾಸೌಂಡ್ ಯಂತ್ರವು ಇಂದು ತೀವ್ರ ನಿಗಾ ಘಟಕಗಳಲ್ಲಿ ರೋಗಿಯ ಹಾಸಿಗೆಯ ಬಳಿಗೇ ಬಂದಿದೆ. ನಮ್ಮ ಶಿಗ್ಗಾಂವಿಯ ಕಡೆ ಸ್ಕ್ಯಾನಿಂಗ್ ಎಂದೊಡನೆ ಗರ್ಭಿಣಿಯರ ಪರೀಕ್ಷೆಯೇ ನೆನಪಾಗುವುದರಿಂದ ಈ ಮಾತನ್ನು ಸ್ವಲ್ಪ ವಿವರಿಸುತ್ತೇನೆ.

ರಕ್ತದೊತ್ತಡ ಕುಸಿದು ಬಂದ ರೋಗಿಗೆ ಮೊದಲು ಸಲೈನ್ ಹಚ್ಚುವುದು ರೂಢಿ. ವಾಂತಿ ಭೇದಿಯಿಂದ ಬಳಲಿದವನಿಗೆ ಅದು ಸಂಜೀವಿನಿ. ಆದರೆ ಹೃದಯವೇ ದುರ್ಬಲವಾಗಿದ್ದರೆ ಅದೇ ನೀರು ಶ್ವಾಸಕೋಶದಲ್ಲಿ ತುಂಬಿಕೊಳ್ಳಬಹುದು. ಉಗಾಂಡಾ, ಕೀನ್ಯಾ, ಟಾಂಜಾನಿಯಾಗಳಲ್ಲಿ ತೀವ್ರ ಜ್ವರದಿಂದ ರಕ್ತಸಂಚಾರ ಕುಂದಿದ್ದ 3,141 ಮಕ್ಕಳನ್ನು ಕುರಿತ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಸಲೈನನ್ನು ರಭಸದಿಂದ ಕೊಟ್ಟ ಮಕ್ಕಳಲ್ಲಿ 48 ಗಂಟೆಗಳೊಳಗೆ ಶೇಕಡಾ 10.5ರಷ್ಟು, ಹಾಗೆ ಕೊಡದವರಲ್ಲಿ ಶೇಕಡಾ 7.3ರಷ್ಟು ಮರಣ ಸಂಭವಿಸಿತ್ತು. ಒಂದೇ ಮದ್ದು ಎಲ್ಲರಿಗೂ ಸಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹೃದಯದ ಬಡಿತದಲ್ಲಿ ಬಲವಿದೆಯೇ, ಶ್ವಾಸಕೋಶದಲ್ಲಿ ನೀರಿದೆಯೇ, ಅಪಘಾತದಲ್ಲಿ ಪೆಟ್ಟು ತಿಂದವನ ಹೊಟ್ಟೆಯೊಳಗೆ ರಕ್ತ ಸೇರಿದೆಯೇ ಎಂಬ ಪ್ರಶ್ನೆಗಳಿಗೆ ಈ ಯಂತ್ರವು ಕೆಲವೇ ನಿಮಿಷಗಳಲ್ಲಿ ಸುಳಿವು ಕೊಡಬಲ್ಲದು. ಹೆದ್ದಾರಿಯ ಅಪಘಾತಗಳನ್ನು ಕಂಡಿರುವ ನಮ್ಮ ತಾಲೂಕಿನಂಥಲ್ಲಿ ಇದರ ಬೆಲೆ ಹೆಚ್ಚು. ರೋಗಿಯನ್ನು ಹುಬ್ಬಳ್ಳಿಗೆ ಕಳುಹಿಸುವ ಮುನ್ನ ಏನು ಮಾಡಬೇಕು, ಏನು ಮಾಡಬಾರದು ಎಂಬ ನಿರ್ಧಾರದ ಮೇಲೆಯೇ ಜೀವ ನಿಂತಿರುತ್ತದೆ.

ಆದರೆ ಇದೇ ಯಂತ್ರ ನಮ್ಮ ದೇಶದಲ್ಲಿ ಹೆಣ್ಣುಭ್ರೂಣಗಳಿಗೆ ಮೃತ್ಯುವೂ ಆಯಿತು. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 945ರಷ್ಟಿದ್ದ ಹೆಣ್ಣುಮಕ್ಕಳ ಸಂಖ್ಯೆ 2001ರಲ್ಲಿ 927ಕ್ಕೆ ಇಳಿದಿತ್ತು. ಈ ದುರ್ಬಳಕೆಯನ್ನು ತಡೆಯಲೆಂದೇ 1994ರ ಲಿಂಗಪತ್ತೆ ನಿಷೇಧ ಕಾನೂನು ಯಂತ್ರಕ್ಕೆ ನೋಂದಣಿಯನ್ನೂ, ಅದನ್ನು ಬಳಸುವವರಿಗೆ ಅರ್ಹತೆಯನ್ನೂ ಕಡ್ಡಾಯಗೊಳಿಸಿದೆ. ಈ ಬಿಗಿ ತುರ್ತುಚಿಕಿತ್ಸೆಗೆ ತೊಡಕು, ಇದನ್ನು ಸಡಿಲಿಸಬೇಕು ಎನ್ನುವವರಿದ್ದಾರೆ. ನಾನು ಒಪ್ಪಲಾರೆ. ನೋಂದಾಯಿತ ಆಸ್ಪತ್ರೆಯೊಳಗೆ ಒಳರೋಗಿಗಳಿಗಾಗಿ ಕೈಯಂತ್ರವನ್ನು ಬಳಸಲು 2012ರ ತಿದ್ದುಪಡಿ ನಿಯಮಗಳೇ ಅವಕಾಶ ಕೊಟ್ಟಿವೆ. ಕೊರತೆ ಇರುವುದು ತರಬೇತಿ ಪಡೆದ ಕೈಗಳದ್ದು.

ಯಂತ್ರ ತೋರಿಸುವುದು ಬರಿಯ ನೆರಳು. ಅದನ್ನು ಓದಬೇಕಾದವರು ವೈದ್ಯರು. ತಪ್ಪಾಗಿ ಓದಿದರೆ ಕುರುಡು ಊಹೆಗಿಂತಲೂ ಅಪಾಯ ಹೆಚ್ಚು, ಏಕೆಂದರೆ ಕಣ್ಣಾರೆ ಕಂಡೆನೆಂಬ ಧೈರ್ಯ ಅದರೊಡನೆ ಸೇರಿಕೊಳ್ಳುತ್ತದೆ. ಹಾವೇರಿಯಲ್ಲಿಯೇ ಈಗ ವೈದ್ಯಕೀಯ ಕಾಲೇಜು ಇದೆ. ತಾಲೂಕು ಆಸ್ಪತ್ರೆಗಳ ವೈದ್ಯರಿಗೆ ಅಲ್ಲಿ ಕ್ರಮಬದ್ಧ ಶಿಕ್ಷಣ ದೊರೆಯಲಿ. ಪರೀಕ್ಷಿಸಿದ ಪ್ರತಿಯೊಂದು ಚಿತ್ರವನ್ನೂ ಕಡತದಲ್ಲಿಟ್ಟು ಹಿರಿಯರು ತಿದ್ದಲಿ. ಯಂತ್ರ ಕೊಂಡ ದಿನ ಫೋಟೋ ತೆಗೆಸಿಕೊಳ್ಳುವವರ ಉತ್ಸಾಹ ಕೈಗಳನ್ನು ಪಳಗಿಸುವ ಕೆಲಸದಲ್ಲಿಯೂ ಕಂಡುಬರಲಿ. ವೈದ್ಯರಾಗಿರುವ ನನ್ನ ಶಿಷ್ಯರು ಈ ಬಗ್ಗೆ ನಾಲ್ಕು ಮಾತು ಬರೆದರೆ ಸಂತೋಷಪಡುವೆನು.