ತ್ರಿಶೂಲದ ಚರಿತ್ರೆ ನಮ್ಮ ಕರಾವಳಿಯ ಚರಿತ್ರೆಯೂ ಹೌದು

1956ರಲ್ಲಿ ಉತ್ತರ ಕನ್ನಡ ಜಿಲ್ಲೆಯು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದ ಮೇಲೆಯೂ ಐದು ವರ್ಷಗಳ ಕಾಲ, ಕಾರವಾರದ ಬಿಣಗಾ ದಂಡೆಯಿಂದ ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣುವಷ್ಟು ಸಮೀಪದಲ್ಲಿರುವ ಅಂಜುದೀವ ದ್ವೀಪದ ಮೇಲೆ ಪೋರ್ಚುಗೀಸರ ಧ್ವಜವು ಹಾರುತ್ತಲೇ ಇದ್ದಿತು. 1498ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ತಂಗಿದ್ದ ಆ ದ್ವೀಪವು ವಿಸ್ತಾರದಲ್ಲಿ ಅತ್ಯಲ್ಪವಾದರೂ, ಅಲ್ಲಿ ಕುಳಿತವನು ಕಾರವಾರದ ಬಂದರಿಗೆ ಬಂದುಹೋಗುವ ಪ್ರತಿಯೊಂದು ದೋಣಿಯನ್ನೂ ತನ್ನ ಕೋವಿಯ ಅಳವಿನಲ್ಲಿ ಇಟ್ಟುಕೊಳ್ಳಬಲ್ಲವನಾಗಿದ್ದನು.

1961ರ ನವೆಂಬರ್ 17ರಂದು ಆ ಕೋವಿ ಸಿಡಿಯಿತು. ಕರಾವಳಿಯ ಪ್ರಯಾಣಿಕರ ಹಡಗಾದ ‘ಸಾಬರಮತಿ’ಯ ಮೇಲೆ ದ್ವೀಪದಿಂದ ಗುಂಡು ಹಾರಿ ಹಡಗಿನಲ್ಲಿದ್ದವರೊಬ್ಬರು ಗಾಯಗೊಂಡರು, ಕೆಲವೇ ದಿನಗಳಲ್ಲಿ ಮೀನುಗಾರರ ದೋಣಿಯ ಮೇಲೂ ಗುಂಡು ಹಾರಿ ಬೆಸ್ತನೊಬ್ಬನು ಪ್ರಾಣವನ್ನೇ ತೆತ್ತನು. ಶರಾವತಿ, ಕಾಳಿ ಮುಂತಾದ ಹೊಳೆಗಳಿಗೆ ಹೆದ್ದಾರಿಯ ಸೇತುವೆಗಳು ಇನ್ನೂ ಬಾರದಿದ್ದ ಆ ಕಾಲದಲ್ಲಿ, ಹೊನ್ನಾವರ, ಕುಮಟೆ, ಕಾಗಾಲಗಳ ಜನರಿಗೆ ಸಮುದ್ರವೆಂಬುದು ಅನ್ನದ ಮೂಲವಾಗಿದ್ದಂತೆಯೇ ಊರಿಂದೂರಿಗೆ ಹೋಗುವ ದಾರಿಯೂ ಆಗಿದ್ದಿತು. ಆದುದರಿಂದ ಆ ಗುಂಡುಗಳು ದಿಲ್ಲಿಗೆ ತಗಲುವ ಮೊದಲು ನಮ್ಮ ಅಂಬಿಗರ, ಖಾರ್ವಿಗಳ, ಹರಿಕಂತ್ರರ ಮನೆಯಂಗಳಗಳಿಗೆ ತಗಲಿದವೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಇದಕ್ಕೆ ಉತ್ತರವಾಗಿ ಬಂದ ಹಡಗುಗಳಲ್ಲಿ ಮುಖ್ಯವಾದುದು ‘ತ್ರಿಶೂಲ’ವೆಂಬ ಫ್ರಿಗೇಟ್. ಟೈಟಾನಿಕ್ ಹಡಗನ್ನು ಕಟ್ಟಿದ ಬೆಲ್‌ಫಾಸ್ಟಿನ ಹಾರ್ಲ್ಯಾಂಡ್ ಅಂಡ್ ವುಲ್ಫ್ ಕಾರ್ಖಾನೆಯಲ್ಲಿಯೇ ರೂಪುಗೊಂಡು, 1960ರ ಜನವರಿಯಲ್ಲಿ ನಮ್ಮ ನೌಕಾದಳವನ್ನು ಸೇರಿದ್ದ ಈ ಹಡಗಿಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ. ಫ್ರಿಗೇಟೆಂಬುದು ಕ್ರೂಸರಿನಷ್ಟು ಭಾರಿಯಾದ ಹಡಗಲ್ಲ. ಜಲಾಂತರ್ಗಾಮಿಗಳನ್ನು ಹುಡುಕುವುದು, ಇತರ ಹಡಗುಗಳಿಗೆ ಕಾವಲಾಗಿ ಹೋಗುವುದು, ದೂರದ ಗಸ್ತು ತಿರುಗುವುದು ಇವೇ ಅದರ ನಿತ್ಯಕರ್ಮ. ಅಂತಹ ಹಡಗಿಗೆ ವಿಧಿಯು ಒಂದು ದ್ವೀಪವನ್ನು ಗೆಲ್ಲುವ ಕಾರ್ಯವನ್ನು ವಹಿಸಿತು.

ಡಿಸೆಂಬರ್ 18ರ ಬೆಳಗ್ಗೆ, ಕ್ಯಾಪ್ಟನ್ ಕೆ. ಎಲ್. ಕುಲಕರ್ಣಿಯವರ ನೇತೃತ್ವದ ತ್ರಿಶೂಲವೂ, ‘ಮೈಸೂರು’ ಎಂಬ ಕ್ರೂಸರೂ ಅಂಜುದೀವದ ಸಮೀಪಕ್ಕೆ ಬಂದುವು. ಹೊಸದಾಗಿ ಮೈಸೂರು ರಾಜ್ಯವನ್ನು ಸೇರಿದ್ದ ಜಿಲ್ಲೆಯ ದಂಡೆಯನ್ನು ಕಾಯಲು ಮೈಸೂರಿನ ಹೆಸರನ್ನೇ ಹೊತ್ತ ನೌಕೆಯೊಂದು ಬಂದುದು ಆಕಸ್ಮಿಕವೇ ಇದ್ದೀತು. ಆದರೂ ಅದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಹಿಗ್ಗುವುದುಂಟು. ದೋಣಿಗಳಲ್ಲಿ ಇಳಿದ ನಾವಿಕರ ಮೊದಲನೆಯ ತಂಡವು ದಡವನ್ನು ಸೇರಿತು. ದ್ವೀಪದಲ್ಲಿ ಶರಣಾಗತಿಯ ಬಿಳಿಯ ಬಾವುಟವು ಕಂಡಿದ್ದಿತು. ಆದರೆ ಎರಡನೆಯ ತಂಡವು ಸಮೀಪಿಸುತ್ತಲೇ ಮೆಷಿನ್‌ಗನ್ನುಗಳು ಅವರ ಮೇಲೆ ಗುಂಡಿನ ಮಳೆಗರೆದುವು. ಈ ತಂಡಗಳವರು ಭೂಸೇನೆಯ ಸಿಪಾಯಿಗಳಲ್ಲ, ಹಡಗಿನ ಕೆಲಸವನ್ನೇ ಕಲಿತ ತರುಣ ನಾವಿಕರು ಎಂಬುದನ್ನು ಓದುಗರು ಲಕ್ಷಿಸಬೇಕು. ಏಳು ಮಂದಿ ಅಲ್ಲಿ ಮಡಿದರು, ಇನ್ನೂ ಹಲವರು ಗಾಯಗೊಂಡರು. ಬಳಿಕ ಹಡಗಿನ ತೋಪುಗಳು ಮಾತನಾಡಿದುವು; ಮರುದಿನದ ಹೊತ್ತಿಗೆ ಸುಮಾರು ನಾಲ್ಕೂವರೆ ಶತಮಾನಗಳ ಹಿಂದೆ ಆರಂಭವಾಗಿದ್ದ ಪೋರ್ಚುಗೀಸರ ಅಧ್ಯಾಯವು ಮುಗಿಯಿತು.

ತ್ರಿಶೂಲದ ಸೇವೆ ಅಲ್ಲಿಗೆ ಮುಗಿಯಲಿಲ್ಲ. ಪಾಕಿಸ್ತಾನದೊಡನೆ ನಡೆದ ಯುದ್ಧದಲ್ಲಿ, 1971ರ ಡಿಸೆಂಬರ್ 8ರ ರಾತ್ರಿ, ‘ವಿನಾಶ್’ ಎಂಬ ಪುಟ್ಟ ಕ್ಷಿಪಣಿ ನೌಕೆಯು ಕರಾಚಿಯ ಮೇಲೆ ನಾಲ್ಕು ಕ್ಷಿಪಣಿಗಳನ್ನು ಹಾರಿಸಿ ಕಿಯಾಮಾರಿಯ ತೈಲಾಗಾರಗಳಿಗೆ ಬೆಂಕಿಯಿಟ್ಟಾಗ, ಅದನ್ನು ಶತ್ರುವಿನ ಬಾಗಿಲವರೆಗೆ ಕರೆದೊಯ್ದು ಮರಳಿ ಕರೆತಂದ ಎರಡು ಫ್ರಿಗೇಟುಗಳು ‘ತಲವಾರ್’ ಮತ್ತು ಇದೇ ‘ತ್ರಿಶೂಲ’. ಕೀರ್ತಿಯೆಲ್ಲ ಕ್ಷಿಪಣಿಗೆ ಸಂದಿತು. ಕಾವಲಿಗೆ ಹೋದವರ ಹೆಸರನ್ನು ಹೇಳುವವರು ವಿರಳ. ಆ ಕಾವಲಿನ ಕಾರ್ಯವು ಎಷ್ಟು ಅಪಾಯಕರವೆಂಬುದಕ್ಕೆ ಮರುದಿನವೇ ಸಾಕ್ಷಿ ದೊರೆಯಿತು: ದೀವ್ ಸಮೀಪದಲ್ಲಿ ‘ಖುಕ್ರಿ’ ಎಂಬ ಫ್ರಿಗೇಟು ಪಾಕಿಸ್ತಾನದ ಜಲಾಂತರ್ಗಾಮಿಯ ಟಾರ್ಪೆಡೋಗೆ ತುತ್ತಾಗಿ, ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರೊಡನೆ 18 ಅಧಿಕಾರಿಗಳೂ 176 ನಾವಿಕರೂ ಜಲಸಮಾಧಿಯಾದರು.

ತ್ರಿಶೂಲವೆಂಬ ಹೆಸರು ಈಗ ಬೇರೊಂದು ಫ್ರಿಗೇಟಿಗೆ ಸಂದಿದೆ. 2003ರಲ್ಲಿ ರಷ್ಯದಲ್ಲಿ ಸೇವೆಗೆ ಸೇರಿದ ಹಡಗದು. ಅದೇ ವಂಶದ ‘ತುಶಿಲ್’ 2024ರ ಡಿಸೆಂಬರ್ 9ರಂದು ಕಲಿನಿನ್‌ಗ್ರಾಡಿನಲ್ಲಿ ಸೇವೆಗೆ ಸೇರಿ, ಬಾಲ್ಟಿಕ್ ಸಮುದ್ರದಿಂದ ಹೊರಟು, ಆಫ್ರಿಕವನ್ನು ಬಳಸಿ, 12,500ಕ್ಕೂ ಹೆಚ್ಚು ನಾಟಿಕಲ್ ಮೈಲುಗಳನ್ನು ಕ್ರಮಿಸಿ, 2025ರ ಫೆಬ್ರುವರಿಯಲ್ಲಿ ತನ್ನ ತವರು ಬಂದರನ್ನು ಮುಟ್ಟಿತು. ಆ ತವರು ಬಂದರು ಬೇರಾವುದೂ ಅಲ್ಲ, ಕಾರವಾರ! ಒಂದು ಕಾಲದಲ್ಲಿ ನಮ್ಮ ಬೆಸ್ತನ ಎದೆಗೆ ಗುರಿಯಿಟ್ಟಿದ್ದ ಅಂಜುದೀವವು ಇಂದು ಅಲೆತಡೆಯ ಗೋಡೆಯ ಮೂಲಕ ನೆಲಕ್ಕೆ ಬೆಸೆದುಕೊಂಡು, 2005ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆಯ ಭಾಗವಾಗಿ, ಅದೇ ಫ್ರಿಗೇಟುಗಳಿಗೆ ಆಸರೆಯಾಗಿದೆ.

ಇಷ್ಟನ್ನು ಹೇಳಿದ ಮೇಲೆ ಇನ್ನೊಂದನ್ನು ಹೇಳದೆ ಬಿಡುವುದು ಅನ್ಯಾಯ. ಆ ನೆಲೆಗಾಗಿ ಕಾರವಾರ, ಅಂಕೋಲೆಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ತೆಂಗಿನ ತೋಟ, ಬಲೆ ಎಳೆಯುವ ದಂಡೆ ಎಲ್ಲವನ್ನೂ ಬಿಟ್ಟುಕೊಟ್ಟುವು. ಪರಿಹಾರಕ್ಕಾಗಿ ವರ್ಷಾನುಗಟ್ಟಲೆ ನ್ಯಾಯಾಲಯಗಳಿಗೆ ಅಲೆದುವು. ಯುದ್ಧನೌಕೆಗಳ ಚರಿತ್ರೆಯು ನೌಕಾದಳದ ಸ್ವಂತ ಸೊತ್ತೆಂದು ನಾವು ಭಾವಿಸಿ ಕೈಕಟ್ಟಿ ಕುಳಿತರೆ, ಈ ಜನರು ಕೊಟ್ಟುದು ಯಾವುದಕ್ಕಾಗಿ ಎಂಬುದೇ ಅವರ ಮೊಮ್ಮಕ್ಕಳಿಗೆ ತಿಳಿಯದೆ ಹೋಗುವುದು. ತ್ರಿಶೂಲದ ಮೊದಲ ರಣವು ನಡೆದುದು ನಮ್ಮ ದಂಡೆಯ ಮುಂದೆ, ನಮ್ಮ ಬೆಸ್ತನೊಬ್ಬನ ಮರಣದ ತರುವಾಯ. ಆ ಹಡಗಿನ ಮೇಲೆ ನಮಗೂ ಹಕ್ಕುಂಟು, ಅದನ್ನು ನೆನೆಯುವ ಹೊಣೆಯೂ ಉಂಟು.

ಮಡಿದ ಏಳು ನಾವಿಕರ ಸ್ಮಾರಕವು ಗೋಮಾಂತಕ ನೌಕಾನೆಲೆಯಲ್ಲಿದೆ. ಅದು ಅಲ್ಲಿ ಇರತಕ್ಕದ್ದೇ. ಆದರೆ ಜಿಲ್ಲೆಯ ಶಾಲಾಮಕ್ಕಳು ಪ್ರವಾಸಕ್ಕೆಂದು ಬರುವುದು ಕಾರವಾರದ ರವೀಂದ್ರನಾಥ ಠಾಗೋರ್ ಕಡಲತೀರಕ್ಕೆ, ಅಲ್ಲಿ ನಿಲ್ಲಿಸಿರುವ ‘ಚಾಪಲ್’ ಎಂಬ ಕ್ಷಿಪಣಿ ನೌಕೆಯನ್ನು ನೋಡುವುದಕ್ಕೆ. ಆ ನೌಕೆಯ ಪಕ್ಕದಲ್ಲಿಯೇ ಶಿಲಾಫಲಕವೊಂದನ್ನು ನೆಟ್ಟು, ಅದರ ಮೇಲೆ ಏಳು ನಾವಿಕರ ಹೆಸರುಗಳನ್ನೂ, ಅವರಿಗಿಂತ ಮೊದಲು ಗುಂಡಿಗೆ ಬಲಿಯಾದ ಬೆಸ್ತನ ಹೆಸರನ್ನೂ, ನೆಲವನ್ನು ಬಿಟ್ಟುಕೊಟ್ಟ ಗ್ರಾಮಗಳ ಹೆಸರುಗಳನ್ನೂ ಕನ್ನಡದಲ್ಲಿ ಕೆತ್ತಿಸುವ ಕಾರ್ಯವನ್ನು ಜಿಲ್ಲಾಡಳಿತವೂ ಕರ್ನಾಟಕದ ನೌಕಾ ಅಧಿಕಾರಿಗಳೂ ಕೂಡಿ ಕೈಗೊಳ್ಳಬೇಕು. ಅದರೊಡನೆ ತ್ರಿಶೂಲದ ಸೇವಾಚರಿತ್ರೆಯನ್ನು ಸುಲಭವಾದ ಕನ್ನಡದಲ್ಲಿ ಬರೆಯಿಸಿ, ಭಟ್ಕಳದಿಂದ ಕಾರವಾರದವರೆಗಿನ ಪ್ರತಿಯೊಂದು ಪ್ರೌಢಶಾಲೆಯ ಗ್ರಂಥಾಲಯಕ್ಕೂ ತಲಪಿಸಬೇಕು. ಮುಂದಿನ ಡಿಸೆಂಬರ್ 18ರೊಳಗೆ ಇವೆರಡೂ ನೆರವೇರುವುದು ದುಸ್ಸಾಧ್ಯವೇನಲ್ಲ.